ವರಮಹಾಲಕ್ಷ್ಮಿಯಿಂದ ಗಣೇಶನವರೆಗೆ: ಅಕ್ಕನ ವಾಲ್ವ್ ಸಿಕ್ಕಿಕೊಂಡ 25 ದಿನ

ಅಕ್ಕನ ಐಎನ್‌ಆರ್ ಪುಸ್ತಕ ನನ್ನ ಮುಂದೆ ಇದೆ, ರಕ್ತ ಹೆಪ್ಪುಗಟ್ಟುವ ಲೆಕ್ಕ ಬರೆದಿಡುವ ಪುಸ್ತಕ. ಮಕ್ಕಳು ಶಾಲೆಗೆ ಒಯ್ಯುವಂಥ ಸಣ್ಣ ನೋಟ್‌ಬುಕ್. 2023ರ ಆಗಸ್ಟ್ 12ರ ಎದುರು 2.9 ಅಂತ ಬರೆದಿದೆ. ಅದರ ಕೆಳಗಿನ ಸಾಲುಗಳು ಹೀಗಿವೆ. ಸೆಪ್ಟೆಂಬರ್ 1, 8.4. ಸೆಪ್ಟೆಂಬರ್ 3, 1.4. ಸೆಪ್ಟೆಂಬರ್ 20, 1.2. ಮೂರೇ ಸಾಲು. ಈ ಮೂರು ಸಾಲಿನೊಳಗೆ ಅಕ್ಕನ ರಕ್ತ ಮೊದಲು ನೀರಾಯಿತು, ಆಮೇಲೆ ಎದೆಯೊಳಗಿನ ಕೃತಕ ವಾಲ್ವ್ ಮೇಲೆಯೇ ಹೆಪ್ಪುಗಟ್ಟಿತು. ವಾಲ್ವ್ ಹಾಕಿಸಿಕೊಂಡವರ ಮನೆಯವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ. ತಪ್ಪು ಎಲ್ಲರದ್ದೂ ಇತ್ತು, ನಮ್ಮದು ಜಾಸ್ತಿಯೇ ಇತ್ತು.

ಮೊದಲು ಹಿನ್ನೆಲೆ. ನಾವು ಮಾಗಡಿ ಕಡೆಯವರು. ಅಕ್ಕನಿಗೆ ಹನ್ನೊಂದು ವರ್ಷ ಇದ್ದಾಗ ಗಂಟಲು ನೋವು ಬಂದು ವಾಸಿಯಾಗಿ, ಎರಡು ಮೂರು ವಾರದ ಮೇಲೆ ಜ್ವರ ಬಂತು. ಮಂಡಿ ಊದಿಕೊಂಡಿತು. ಅದು ಇಳಿಯುವಷ್ಟರಲ್ಲಿ ಮಣಿಕಟ್ಟು ಊದಿಕೊಂಡಿತು. ಅಮ್ಮ ಎಣ್ಣೆ ಹಚ್ಚಿ ಬಿಸಿನೀರಿನ ಶಾಖ ಕೊಟ್ಟಳು, ಊತ ಹೋಯಿತು. ಅದು ರುಮ್ಯಾಟಿಕ್ ಜ್ವರ ಅಂತ ನಮಗೆ ಗೊತ್ತಾಗಿದ್ದು ಹದಿನೈದು ವರ್ಷ ಕಳೆದ ಮೇಲೆ. ಸ್ಟ್ರೆಪ್ಟೊಕಾಕಸ್ ಅನ್ನುವ ರೋಗಾಣು ಗಂಟಲಿಗೆ ಬಂದಾಗ ಮೈ ಅದರ ವಿರುದ್ಧ ಹೋರಾಡುತ್ತದೆ ಅಲ್ವಾ, ಕೆಲವು ಮಕ್ಕಳಲ್ಲಿ ಆ ಹೋರಾಟ ದಾರಿ ತಪ್ಪಿ ಕೀಲುಗಳ ಮೇಲೆ, ಹೃದಯದ ವಾಲ್ವ್ ಮೇಲೆ ತಿರುಗುತ್ತದೆ. ಕೀಲಿನ ಊತ ಗುರುತಿಲ್ಲದ ಹಾಗೆ ಹೋಗುತ್ತದೆ. ವಾಲ್ವ್‌ಗೆ ಆದ ಗಾಯ ಮಾತ್ರ ಉಳಿದು, ವರ್ಷಗಟ್ಟಲೆ ಒಳಗೊಳಗೇ ದಪ್ಪವಾಗುತ್ತಾ ಹೋಗುತ್ತದೆ.

2002ರಲ್ಲಿ ಎರಡನೇ ಬಸುರಿನಲ್ಲಿ, ಆರನೇ ತಿಂಗಳಿಗೆ, ಅಕ್ಕನಿಗೆ ಮಲಗಲು ಆಗುತ್ತಿರಲಿಲ್ಲ. ದಿಂಬಿಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದಳು. ಬಸುರಿಗೆ ಏದುಸಿರು ಸಹಜ ಅಂತ ಎಲ್ಲರೂ ಹೇಳಿದರು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮಿಟ್ರಲ್ ವಾಲ್ವ್ ಕಿರಿದಾಗಿದೆ ಅಂತ ತಿಳಿಯಿತು. ಆ ಬಾಗಿಲು ಸಾಮಾನ್ಯವಾಗಿ 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕು, ಅಕ್ಕನದು 1ಕ್ಕಿಂತ ಕಡಿಮೆ ತೆರೆಯುತ್ತಿತ್ತು. ಬಸುರಿನಲ್ಲಿ ರಕ್ತದ ಪ್ರಮಾಣ ಏರುವುದರಿಂದ, ಅಲ್ಲಿಯವರೆಗೆ ಅಡಗಿದ್ದದ್ದು ಆಗ ಹೊರಗೆ ಬಂತು. ತೊಡೆಯ ರಕ್ತನಾಳದಿಂದ ಬಲೂನ್ ಕಳಿಸಿ ವಾಲ್ವ್ ಬಿಡಿಸಿದರು. ಜಪಾನಿನ ಕಾಂಜಿ ಇನೌಯೆ 1982ರಲ್ಲಿ ಮೊದಲು ಮಾಡಿದ ಚಿಕಿತ್ಸೆ ಇದು. ಬೆಂಗಳೂರಿನ ಜಯದೇವದಂಥ ಕಡೆ ಸಾವಿರಾರು ಜನಕ್ಕೆ ಆಗಿದೆ, ಅವರಲ್ಲಿ ಬಹಳಷ್ಟು ಹೆಂಗಸರು. ಮಗು ಚೆನ್ನಾಗಿ ಹುಟ್ಟಿತು. ಅವನೀಗ ಕೆಲಸಕ್ಕೆ ಹೋಗುತ್ತಾನೆ.

ಹದಿನೇಳು ವರ್ಷ ಆ ಬಲೂನ್ ನಡೆಸಿತು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಅಕ್ಕ ಟೈಲರ್ ಆಗಿ ದುಡಿದಳು. ಆಮೇಲೆ ವಾಲ್ವ್ ಮತ್ತೆ ಕಿರಿದಾಯಿತು, ಸುಣ್ಣ ಕಟ್ಟಿತು. ರಕ್ತ ಮುಂದೆ ಹೋಗದೆ ಎಡಗಡೆಯ ಮೇಲಿನ ಕೋಣೆ ಹಿಗ್ಗಿತು. ಹಿಗ್ಗಿದ ಕೋಣೆಯಲ್ಲಿ ಬಡಿತದ ತಾಳ ತಪ್ಪಿತು. ಇದಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಅನ್ನುತ್ತಾರೆ, ಆಸ್ಪತ್ರೆಯಲ್ಲಿ ಎಲ್ಲರೂ ಎಎಫ್ ಅಂತಲೇ ಕರೆಯುತ್ತಾರೆ. ಕೋಣೆ ಹಿಂಡುವ ಬದಲು ಸುಮ್ನೆ ನಡುಗುತ್ತಿರುತ್ತದೆ, ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. 2019ರಲ್ಲಿ ಎದೆ ತೆರೆದು ಹಳೆಯ ವಾಲ್ವ್ ತೆಗೆದು ಎರಡು ಎಲೆಯ ಯಾಂತ್ರಿಕ ವಾಲ್ವ್ ಹಾಕಿದರು. ಜನ ಮೆಟಲ್ ವಾಲ್ವ್ ಅನ್ನುತ್ತಾರೆ. ಎಲೆಗಳು ನಿಜಕ್ಕೂ ಗಟ್ಟಿ ಇಂಗಾಲದವು. ಎಎಫ್ ಮಾತ್ರ ಹೋಗಲಿಲ್ಲ. ಬಡಿತ ಜೋರಾಗದಂತೆ ಮೆಟೊಪ್ರೊಲಾಲ್, ಡಿಗಾಕ್ಸಿನ್ ಇವೆ. ಹೆಪ್ಪು ಕಟ್ಟದಂತೆ ಅಸಿಟ್ರಾಮ್ ಇದೆ, ಅದು ಜೀವನಪೂರ್ತಿ.

ಇಷ್ಟೆಲ್ಲ ಆದ ಮೇಲೆ ಅಕ್ಕ ಹನುಮಂತನಗರದ ಮನೆಯಲ್ಲೇ ಬ್ಲೌಸ್ ಹೊಲಿಯಲು, ಸೀರೆಗೆ ಫಾಲ್ಸ್ ಹಾಕಲು ಶುರು ಮಾಡಿದಳು. ನಾಲ್ಕು ವರ್ಷ ಎಲ್ಲ ಚೆನ್ನಾಗಿತ್ತು. ಹಾಗಾಗಿ ನಾವು ಸಡಿಲವಾದೆವು. ಎರಡು ವಾರಕ್ಕೊಮ್ಮೆ ಇದ್ದ ಐಎನ್‌ಆರ್ ಟೆಸ್ಟ್ ತಿಂಗಳಿಗೊಮ್ಮೆ ಆಯಿತು, ಕೆಲವೊಮ್ಮೆ ಒಂದೂವರೆ ತಿಂಗಳಿಗೂ ಹೋಯಿತು.

ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅನ್ನುವ ಲೆಕ್ಕ. ಮಾತ್ರೆ ತಿನ್ನದವರಲ್ಲಿ ಅದು 1ರ ಆಸುಪಾಸು ಇರುತ್ತದೆ. ಮಿಟ್ರಲ್ ಜಾಗದಲ್ಲಿ ಯಾಂತ್ರಿಕ ವಾಲ್ವ್ ಇರುವವರಿಗೆ ಸಾಮಾನ್ಯವಾಗಿ 2.5ರಿಂದ 3.5ರ ಒಳಗೆ ಇರಿಸಬೇಕು ಅನ್ನುತ್ತಾರೆ. ಆ ಪಟ್ಟಿ ಎಷ್ಟು ಕಿರಿದು ನೋಡಿ.

ಮೊದಲ ತಿರುವು

ಆ ವರ್ಷ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 25ಕ್ಕೆ ಬಂತು. ಮರುದಿನ ಅಕ್ಕನಿಗೆ ಬೇಧಿ ಶುರುವಾಯಿತು. ಹತ್ತಿರದ ಕ್ಲಿನಿಕ್‌ಗೆ ಒಬ್ಬಳೇ ನಡೆದು ಹೋದಳು. ಡಾಕ್ಟರ್ ಮೆಟ್ರೋನಿಡಜೋಲ್ ಬರೆದರು, ದಿನಕ್ಕೆ ಮೂರು, ಐದು ದಿನ. ಅವರು ಬೇರೆ ಯಾವ ಮಾತ್ರೆ ತಗೋತೀರ ಅಂತ ಕೇಳಲಿಲ್ಲ. ಅಕ್ಕನೂ ಹೇಳಲಿಲ್ಲ. ಹೊಟ್ಟೆ ನೋವಿಗೂ ಹಾರ್ಟ್ ಮಾತ್ರೆಗೂ ಏನು ಸಂಬಂಧ ಅಂತ ಅವಳಿಗೆ ಅನ್ನಿಸಿತ್ತು. ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಸಂಬಂಧ ಇದೆ. ಅಸಿಟ್ರಾಮ್ ಆಗಲಿ ಅದೇ ಜಾತಿಯ ವಾರ್ಫರಿನ್ ಆಗಲಿ ಲಿವರ್‌ನಲ್ಲಿ ಕರಗಿ ಹೋಗುತ್ತದೆ. ಮೆಟ್ರೋನಿಡಜೋಲ್ ಆ ಕರಗುವಿಕೆಯನ್ನು ತಡೆಯುತ್ತದೆ. ಹಾಗಾಗಿ ಅದೇ ಡೋಸ್ ತಿಂದರೂ ಮೈಯಲ್ಲಿ ಜಾಸ್ತಿ ಉಳಿಯುತ್ತದೆ. ಅದರ ಜೊತೆಗೆ ಅಕ್ಕ ಐದು ದಿನ ಬರೀ ಗಂಜಿ, ಮಜ್ಜಿಗೆ ಕುಡಿದಳು. ಊಟದಿಂದ ಬರುವ ವಿಟಮಿನ್ ಕೆ ನಿಂತಿತು. ಹೆಪ್ಪುಗಟ್ಟಲು ಬೇಕಾದ ಸಾಮಾನು ಮಾಡಲು ಲಿವರ್‌ಗೆ ಅದೇ ಬೇಕು, ಅದನ್ನು ತಡೆಯುವುದೇ ಅಸಿಟ್ರಾಮ್ ಕೆಲಸ. ಎರಡೂ ಕಡೆಯಿಂದ ಏಟು ಬಿತ್ತು.

ಆಗಸ್ಟ್ 31ರ ಬೆಳಗ್ಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು, ನಿಲ್ಲಲೇ ಇಲ್ಲ. ಮರುದಿನ ಮೂತ್ರ ಕೆಂಪಾಯಿತು. ಭಾವ ಗಾಬರಿಯಾಗಿ ಹತ್ತಿರದ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದರು. ಐಎನ್‌ಆರ್ 8.4. ಅಲ್ಲಿ 10 ಮಿಲಿಗ್ರಾಂ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರು. ಎರಡು ದಿನದಲ್ಲಿ ರಕ್ತ ನಿಂತಿತು, ಐಎನ್‌ಆರ್ 1.4ಕ್ಕೆ ಬಂತು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ನಾರ್ಮಲ್ ಆಯಿತು ಅಂತ ನಾನೇ ಊರಿಗೆ ಫೋನ್ ಮಾಡಿ ಹೇಳಿದೆ.

1.4 ನನಗೆ ಹೆಚ್ಚುಕಡಿಮೆ ನಾರ್ಮಲ್. ಅಕ್ಕನಿಗೆ ಅಲ್ಲ. ಇದೊಂದು ಮಾತು ಆ ದಿನ ನನ್ನ ತಲೆಗೆ ಹೊಳೆದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಆಮೇಲೆ ಹಾರ್ಟ್ ಡಾಕ್ಟರ್ ನಮಗೆ ಬಿಡಿಸಿ ಹೇಳಿದರು. ಯಾಂತ್ರಿಕ ವಾಲ್ವ್ ಇರುವವರಲ್ಲಿ ರಕ್ತಸ್ರಾವ ಪ್ರಾಣಕ್ಕೆ ಕುತ್ತು ತರುವಂಥದ್ದಲ್ಲದಿದ್ದರೆ ಮಾತ್ರೆ ನಿಲ್ಲಿಸಿ, ದಿನಾ ಟೆಸ್ಟ್ ಮಾಡುತ್ತಾ, ನಿಧಾನಕ್ಕೆ ಇಳಿಸುವುದು ಒಳ್ಳೆಯದಂತೆ. ಬೇಕಾದರೆ ಒಂದೆರಡು ಮಿಲಿಗ್ರಾಂ ವಿಟಮಿನ್ ಕೆ ಬಾಯಿಗೆ ಕೊಡುತ್ತಾರೆ. 10 ಮಿಲಿಗ್ರಾಂ ಒಮ್ಮೆಗೇ ಕೊಟ್ಟರೆ ಐಎನ್‌ಆರ್ ಪಟ್ಟನೆ ಬೀಳುತ್ತದೆ, ಅಷ್ಟೇ ಅಲ್ಲ, ಆಮೇಲೆ ವಾರಗಟ್ಟಲೆ ಮಾತ್ರೆ ಹತ್ತುವುದೇ ಇಲ್ಲ. ಆ ನಡುವೆ ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಟ್ಟು ವಾಲ್ವ್ ಕಾಯಬೇಕು. ಅಕ್ಕನಿಗೆ ಅದು ಆಗಲಿಲ್ಲ. ಮೂರು ದಿನ ಬಿಟ್ಟು ಮಾತ್ರೆ ಶುರು ಮಾಡಿ ಅಂತ ಚೀಟಿಯಲ್ಲಿ ಬರೆದು ಮನೆಗೆ ಕಳಿಸಿದರು. ಮುಂದಿನ ಟೆಸ್ಟ್ ಯಾವತ್ತು ಅಂತ ಚೀಟಿಯಲ್ಲಿ ಇರಲಿಲ್ಲ. ನಾವೂ ಕೇಳಲಿಲ್ಲ.

ಎರಡನೇ ತಿರುವು

ಇಲ್ಲಿಂದ ಮುಂದೆ ನಡೆದದ್ದು ಮನೆಯೊಳಗಿನ ಕಥೆ, ಇದನ್ನು ಬರೆಯುವುದು ನನಗೆ ಕಷ್ಟ.

ಅಕ್ಕ ಹೆದರಿದ್ದಳು. ಕೆಂಪು ಮೂತ್ರ ನೋಡಿದ ಮೇಲೆ ಆ ಸಣ್ಣ ಬಿಳಿ ಮಾತ್ರೆ ಕಂಡರೆ ಅವಳಿಗೆ ಕೈ ನಡುಗುತ್ತಿತ್ತು. ಒಂದು ದಿನ ಅರ್ಧ ತಿನ್ನುವಳು, ಒಂದು ದಿನ ಬಿಡುವಳು. ನಾವು ಕೇಳಿದರೆ ತಗೊಂಡೆ ಅನ್ನುವಳು. ಅಸಿಟ್ರಾಮ್ ವಾರ್ಫರಿನ್‌ಗಿಂತ ಬೇಗ ಮೈಯಿಂದ ಹೋಗುತ್ತದೆ, ಒಂದು ದಿನ ಬಿಟ್ಟರೂ ಲೆಕ್ಕಕ್ಕೆ ಬರುತ್ತದೆ. ಇತ್ತ ರಕ್ತ ಹೋಗಿದೆಯಲ್ಲ, ರಕ್ತ ಆಗಲಿ ಅಂತ ನಾನೇ ದಿನ ಬಿಟ್ಟು ದಿನ ನುಗ್ಗೆ ಸೊಪ್ಪು ಬಿಡಿಸಿ ಕಳಿಸಿದೆ. ಭಾವ ದಂಟು, ಪಾಲಕ್ ತಂದರು. ಮನೆಯಲ್ಲಿ ಮಸ್ಸೊಪ್ಪು ಇಲ್ಲದ ದಿನವೇ ಇರಲಿಲ್ಲ. ಮುದ್ದೆ, ಮಸ್ಸೊಪ್ಪು, ರಾತ್ರಿಗೆ ಪಲ್ಯ. ಸೊಪ್ಪಿನಲ್ಲಿ ವಿಟಮಿನ್ ಕೆ ತುಂಬಿದೆ. ನಮ್ಮ ಪ್ರೀತಿಯೇ ಮಾತ್ರೆಯನ್ನು ಎದುರು ಹಾಕಿಕೊಂಡು ಕೆಲಸ ಮಾಡುತ್ತಿತ್ತು.

ಗೌರಿ, ಗಣೇಶ ಎರಡೂ ಆ ವರ್ಷ ಸೆಪ್ಟೆಂಬರ್ 18ರಂದೇ ಬಂದವು. ಅಂದು ಮಹಡಿಯ ಮನೆಗೆ ಬಾಗಿನ ಕೊಡಲು ಹೋದ ಅಕ್ಕ ಮೆಟ್ಟಿಲ ಮೇಲೆ ಎರಡು ಸಲ ಕೂತಳು. ಹಬ್ಬದ ಕೆಲಸ, ಸುಸ್ತು ಅಂದಳು. 19ರ ರಾತ್ರಿ ಒಣ ಕೆಮ್ಮು ಬಂತು, ಮಲಗಿದರೆ ಜಾಸ್ತಿ ಆಗುತ್ತಿತ್ತು.

ಯಾಂತ್ರಿಕ ವಾಲ್ವ್ ಮುಚ್ಚುವಾಗ ಟಿಕ್ ಅನ್ನುತ್ತದೆ. ಅಕ್ಕನ ಮನೆಯಲ್ಲಿ ಹಗಲು ಹೊಲಿಗೆ ಮಿಷಿನ್ ಸದ್ದಿನಲ್ಲಿ ಅದು ಕೇಳುವುದಿಲ್ಲ, ರಾತ್ರಿ ಕೇಳುತ್ತದೆ. ಎಎಫ್ ಇರುವುದರಿಂದ ಆ ಟಿಕ್‌ಗೂ ತಾಳ ಇಲ್ಲ. ಎರಡು ಬೇಗ, ಒಂದು ತಡ, ಮತ್ತೆ ಮೂರು ಬೇಗ. ಭಾವನಿಗೆ ಅದು ರೂಢಿ. ಆ ರಾತ್ರಿ ಪಕ್ಕದ ಬೀದಿಯ ಗಣೇಶನ ಮೈಕ್ ಹನ್ನೊಂದರ ಹೊತ್ತಿಗೆ ನಿಂತಿತು. ಆಮೇಲೂ ಭಾವನಿಗೆ ಟಿಕ್ ಕೇಳಲಿಲ್ಲ. ಕಿವಿ ಹತ್ತಿರ ತಂದರು. ಬಟ್ಟೆ ಸುತ್ತಿದ ಹಾಗೆ ಮಂದವಾದ ಸದ್ದು ಇತ್ತು, ಅಷ್ಟೇ. ಬೆಳಗ್ಗೆ ಐದಕ್ಕೆ ನನಗೆ ಫೋನ್ ಬಂತು. "ನಿಮ್ಮಕ್ಕಂದು ಸದ್ದೇ ಸರಿ ಇಲ್ಲ ಕಣಮ್ಮ, ಬಂದ್ಬಿಡು."

ಈ ಸಲ ನೇರ ದೊಡ್ಡ ಹೃದಯ ಆಸ್ಪತ್ರೆಗೆ ಹೋದೆವು. ಐಎನ್‌ಆರ್ 1.2. ಎಕೋದಲ್ಲಿ ವಾಲ್ವ್ ಎರಡು ಬದಿಯ ಒತ್ತಡದ ಸರಾಸರಿ ವ್ಯತ್ಯಾಸ 16 ಇತ್ತು, ಮೊದಲು 5 ಇರುತ್ತಿತ್ತು. ಆಮೇಲೆ ಫ್ಲೋರೋಸ್ಕೋಪಿ ಮಾಡಿದರು. ಅದು ಎಕ್ಸ್-ರೇಯನ್ನು ವಿಡಿಯೋ ಥರ ನೋಡುವುದು. ಡಾಕ್ಟರ್ ನನ್ನನ್ನು ಕರೆದು ತೋರಿಸಿದರು. ಎರಡು ಗೆರೆ ಕಂಡವು. ಒಂದು ಬಾಗಿಲಿನಂತೆ ತೆರೆದು ಮುಚ್ಚುತ್ತಿತ್ತು. ಇನ್ನೊಂದು ಅಲ್ಲಾಡಲೇ ಇಲ್ಲ. ಹೆಪ್ಪು ಕೂತು ಒಂದು ಎಲೆ ಸಿಕ್ಕಿಕೊಂಡಿತ್ತು.

ಮುಂದೆ ಎರಡು ದಾರಿ ಇದ್ದವು. ಮತ್ತೆ ಎದೆ ತೆರೆಯುವುದು, ಇಲ್ಲವೇ ಸ್ಟ್ರೆಪ್ಟೊಕೈನೇಸ್ ಕೊಟ್ಟು ಹೆಪ್ಪು ಕರಗಿಸುವುದು. ಎರಡನೇ ಸಲದ ಆಪರೇಶನ್, ಅದೂ ಉಸಿರಾಟ ಕೆಟ್ಟಾಗ, ತುಂಬ ಅಪಾಯ. ಔಷಧದಲ್ಲೂ ಅಪಾಯ ಇತ್ತು. ಹೆಪ್ಪಿನ ಚೂರು ಒಡೆದು ಮೆದುಳಿಗೆ ಹೋಗಬಹುದು, ಮೂರು ವಾರದ ಹಿಂದೆ ಮೂತ್ರದಲ್ಲಿ ರಕ್ತ ಹೋದವಳಿಗೆ ಮತ್ತೆ ರಕ್ತ ಹರಿಯಬಹುದು. ಡಾಕ್ಟರುಗಳು ಇದರ ಬಗ್ಗೆ ತುಂಬ ಹೊತ್ತು ಮಾತಾಡಿಕೊಂಡರು. ಗಂಟಲಿನ ಮೂಲಕ ಕೊಳವೆ ಬಿಟ್ಟು ಇನ್ನೊಂದು ಎಕೋ ಮಾಡಿದರು. ಮೇಲಿನ ಕೋಣೆಯಲ್ಲಿ ದೊಡ್ಡ ಹೆಪ್ಪು ಇಲ್ಲ, ವಾಲ್ವ್ ಮೇಲಿರುವುದು ಚಿಕ್ಕದು ಅಂತ ಖಾತ್ರಿ ಮಾಡಿಕೊಂಡ ಮೇಲೆ ಔಷಧದ ದಾರಿ ಹಿಡಿದರು. ಭಾವ ಸಹಿ ಹಾಕಿದರು. ಅವರ ಕೈಯನ್ನು ನಾನು ಹಿಡಿದುಕೊಂಡಿದ್ದೆ.

ಮೊದಲು 2.5 ಲಕ್ಷ ಯೂನಿಟ್, ಆಮೇಲೆ ಗಂಟೆಗೆ 1 ಲಕ್ಷ ಯೂನಿಟ್‌ನಂತೆ ಡ್ರಿಪ್. ನರ್ಸ್ ಗಂಟೆಗೊಮ್ಮೆ ಬಂದು ಕೈ ಎತ್ತಿಸುವರು, ನಗಿಸುವರು, ಹೆಸರು ಹೇಳಿಸುವರು. ಸ್ಟ್ರೋಕ್ ಆಗಿದೆಯಾ ಅಂತ ನೋಡಲು. ಸೂಜಿ ಚುಚ್ಚಿದ ಕಡೆಯೆಲ್ಲ ರಕ್ತ ಜಿನುಗುತ್ತಿತ್ತು. ಒಂದು ವಿಷಯ ಆಗ ಡಾಕ್ಟರ್ ಹೇಳಿದ್ದು ಇನ್ನೂ ಮನಸ್ಸಿನಲ್ಲಿದೆ. ಈ ಔಷಧ ಸಿಗುವುದೂ ಸ್ಟ್ರೆಪ್ಟೊಕಾಕಸ್ ಕುಲದ ರೋಗಾಣುವಿನಿಂದಲೇ. ಹನ್ನೊಂದನೇ ವಯಸ್ಸಿನಲ್ಲಿ ಅಕ್ಕನ ವಾಲ್ವ್ ಹಾಳು ಮಾಡಿದ ಕುಲವೇ ಅದು. ಒಮ್ಮೆ ಕೊಟ್ಟರೆ ಮೈ ಅದರ ವಿರುದ್ಧ ತಯಾರಾಗಿ ಬಿಡುವುದರಿಂದ ಬೇಗನೆ ಇನ್ನೊಮ್ಮೆ ಕೊಡಲು ಬರುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನು ಕೆಂಪು ಇಂಕಿನಲ್ಲಿ ಬರೆದಿದ್ದಾರೆ.

ಎರಡನೇ ದಿನ ಸಂಜೆಗೆ ಎಲೆ ಬಿಡಿಸಿಕೊಂಡಿತು. ಒತ್ತಡದ ವ್ಯತ್ಯಾಸ 6ಕ್ಕೆ ಇಳಿಯಿತು. ಸ್ಟ್ರೋಕ್ ಆಗಲಿಲ್ಲ. ಐಎನ್‌ಆರ್ ಏರುವವರೆಗೆ ಹೆಪಾರಿನ್ ನಡೆಯಿತು, 3.0 ಬಂದ ದಿನ, ಅಕ್ಟೋಬರ್ 2ರಂದು, ಮನೆಗೆ ಬಂದೆವು.

ಈಗ ಹೇಗೆ ನಡೆಯುತ್ತಿದೆ

ಇಷ್ಟು ದಿನ ಯೋಚಿಸಿ ನನಗೆ ತಿಳಿದದ್ದು ಒಂದು. ಐಎನ್‌ಆರ್ ಏರಿದರೆ ಕಣ್ಣಿಗೆ ರಕ್ತ ಕಾಣುತ್ತದೆ, ಮನೆಯೆಲ್ಲ ಓಡುತ್ತದೆ. ಇಳಿದರೆ ಏನೂ ಕಾಣುವುದಿಲ್ಲ, ನೋವಿಲ್ಲ, ಊತವಿಲ್ಲ. ಅದಕ್ಕೇ ನಾವು ಕಾಣುವುದಕ್ಕೆ ಮಾತ್ರ ಹೆದರಿ, ಕಾಣದ್ದರ ಕಡೆಗೆ ಅಕ್ಕನನ್ನು ತಳ್ಳಿದೆವು. ಮಾತ್ರೆ ಬಿಟ್ಟದ್ದಕ್ಕೆ ಅವಳನ್ನು ಬೈಯುವವರು ಇದ್ದಾರೆ. ನಾನು ಬೈಯುವುದಿಲ್ಲ. ರಕ್ತ ನೋಡಿದವಳ ಹೆದರಿಕೆಯನ್ನು ಕೂತು ಕೇಳುವವರು ಬೇಕಿತ್ತು, ಆ ಎರಡು ವಾರ ಯಾರೂ ಇರಲಿಲ್ಲ. ಈಗ ಆ ಕೆಲಸ ನನ್ನದು. ಸಂಜೆ ಏಳಕ್ಕೆ ಮಾತ್ರೆ, ಏಳೂ ಹತ್ತಕ್ಕೆ ನನ್ನ ಫೋನ್. ಡೋಸ್ ದಿನಕ್ಕೊಂದು ಥರ ಇರುವುದರಿಂದ ಕ್ಯಾಲೆಂಡರ್‌ನ ಪ್ರತಿ ದಿನದ ಚೌಕದಲ್ಲಿ ಬರೆದಿಟ್ಟು, ತಿಂದ ಮೇಲೆ ಗೀಟು ಹಾಕುತ್ತಾಳೆ.

ಸೊಪ್ಪು ಬಿಟ್ಟಿಲ್ಲ. ಬಿಡಬೇಕು ಅಂತ ಬಹಳ ಜನ ಹೇಳುತ್ತಾರೆ, ಅದು ಸರಿಯಲ್ಲ. ಪೂರ್ತಿ ಬಿಟ್ಟರೆ ಒಂದು ದಿನ ತಿಂದರೂ ಲೆಕ್ಕ ಏರುಪೇರಾಗುತ್ತದೆ. ವಾರಕ್ಕೆ ಎರಡು ದಿನ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣ, ವರ್ಷವಿಡೀ. ಆ ಅಳತೆಗೆ ತಕ್ಕಂತೆ ಡೋಸ್ ಕೂರಿಸಿದ್ದಾರೆ. ಹೊಸ ಮಾತ್ರೆ ಯಾವುದೇ ಬರಲಿ, ಆಂಟಿಬಯಾಟಿಕ್ ಇರಲಿ, ಕಷಾಯ ಇರಲಿ, ಮೊದಲು ಹಾರ್ಟ್ ಡಾಕ್ಟರಿಗೆ ಕೇಳಿ, ಮೂರು ನಾಲ್ಕು ದಿನದಲ್ಲಿ ಐಎನ್‌ಆರ್ ಮಾಡಿಸುತ್ತೇವೆ. ಬೇಧಿ ಆಗಿ ಊಟ ಬಿಟ್ಟರೂ ಮಾಡಿಸುತ್ತೇವೆ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮನೆಯೊಳಗೇ ಇಲ್ಲ. ಜ್ವರ ಎರಡು ದಿನ ದಾಟಿದರೆ ಸುಮ್ನೆ ಆಂಟಿಬಯಾಟಿಕ್ ಶುರು ಮಾಡದೆ, ಮೊದಲು ಬ್ಲಡ್ ಕಲ್ಚರ್‌ಗೆ ರಕ್ತ ಕೊಡಬೇಕು, ವಾಲ್ವ್‌ಗೆ ಸೋಂಕು ತಗಲಿದ್ದರೆ ಅದರಲ್ಲಿ ರೋಗಾಣು ಸಿಗುವ ಸಾಧ್ಯತೆ ಇರುತ್ತದೆ ಅಂತ ಹೇಳಿದ್ದಾರೆ.

ಎಎಫ್ ವಿಷಯದಲ್ಲಿ ಒಂದೆರಡು ಸಣ್ಣ ಸಂಗತಿ. ನಾಡಿ ಎಣಿಸುವಾಗ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪು ಬರುತ್ತದೆ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಬಿಪಿ ಮಿಷಿನ್ ಒಂದೊಂದು ಸಲ ಒಂದೊಂದು ತೋರಿಸುತ್ತದೆ, ಅದಕ್ಕೆ ಮೂರು ಸಲ ನೋಡಿ ಸರಾಸರಿ ಬರೆಯುತ್ತೇವೆ.

ಪಕ್ಕದ ಮನೆಯವರ ತಂದೆಗೂ ಎಎಫ್ ಇದೆ. ಅವರು ಟೆಸ್ಟೇ ಬೇಡದ ಹೊಸ ಮಾತ್ರೆ ತಿನ್ನುತ್ತಾರೆ. ನಿಮ್ಮಕ್ಕನಿಗೂ ಅದನ್ನೇ ಕೊಡಿಸಬಾರದಾ ಅಂತ ಕೇಳಿದರು. ಅವರ ಕಾಳಜಿ ನಿಜ, ಆದರೆ ಯಾಂತ್ರಿಕ ವಾಲ್ವ್ ಇರುವವರಿಗೆ ಅದು ಆಗದು. ಡಬಿಗಟ್ರಾನ್ ಅನ್ನುವ ಹೊಸ ಮಾತ್ರೆಯನ್ನು ಇಂಥವರಲ್ಲಿ ಪರೀಕ್ಷಿಸಿದ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು, ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಕಂಡಿತ್ತು. ರುಮ್ಯಾಟಿಕ್ ವಾಲ್ವ್ ಜೊತೆ ಎಎಫ್ ಇರುವವರಲ್ಲಿ ರಿವರೋಕ್ಸಬಾನ್ ಪರೀಕ್ಷಿಸಿದ 2022ರ ಅಧ್ಯಯನದಲ್ಲೂ ಹಳೆಯ ಮಾತ್ರೆ ತಿಂದವರೇ ಚೆನ್ನಾಗಿದ್ದರು. ಹಾಗಾಗಿ ಇಬ್ಬರಿಗೂ ಎಎಫ್ ಇದ್ದರೂ ಮಾತ್ರೆ ಬೇರೆ.

ಕಳೆದ ತಿಂಗಳು ಅಕ್ಕನಿಗೆ ಹಲ್ಲು ಕೀಳಿಸಬೇಕಾಯಿತು. ಹಲ್ಲಿನ ಡಾಕ್ಟರ್ ಐದು ದಿನ ಅಸಿಟ್ರಾಮ್ ನಿಲ್ಲಿಸಿ ಬನ್ನಿ ಅಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು, "ಇಲ್ಲ ಸರ್, ಅದನ್ನ ನಾನು ನಿಲ್ಲಿಸಲ್ಲ. ನಮ್ಮ ಹಾರ್ಟ್ ಡಾಕ್ಟ್ರ ಹತ್ರ ಒಂದ್ಸಲ ಮಾತಾಡಿ." ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು. ಅವರು ಪುಟ ತಿರುಗಿಸಿದರು, ಅಲ್ಲೇ ಫೋನ್ ಮಾಡಿದರು. ಮಾತ್ರೆ ನಿಲ್ಲಿಸದೆ, ಹಿಂದಿನ ದಿನ ಐಎನ್‌ಆರ್ ನೋಡಿ, ವಾಲ್ವ್‌ಗೆ ಸೋಂಕು ಆಗದಂತೆ ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್ ಕೊಟ್ಟು, ಹಲ್ಲು ಕಿತ್ತು ಹೊಲಿಗೆ ಹಾಕಿದರು. ಹತ್ತಿ ಅರ್ಧ ಗಂಟೆ ಕಚ್ಚಿಕೊಂಡು ಕೂತಳು, ರಕ್ತ ನಿಂತಿತು. ಪುಸ್ತಕದಲ್ಲಿ ಆ ಸಾಲು 2.7. ಪಕ್ಕದಲ್ಲಿ ಅಕ್ಕನೇ ಪೆನ್ಸಿಲ್‌ನಲ್ಲಿ "ಹಲ್ಲು" ಅಂತ ಬರೆದಿದ್ದಾಳೆ.